ನನ್ನ ಮೈಮೇಲಿನ ಬೆಳ್ಳಿ

ನಾನು ಒಂದು ಹಿತ್ತಾಳೆ ತಂಬಿಗೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಬದುಕಿನ ಒಂದು ಭಾಗವನ್ನು ನಾನು ಬೆಳ್ಳಿ ತಂಬಿಗೆ ಎನಿಸಿಕೊಂಡು ಕಳೆದೆ. ಆ ದಿನಗಳನ್ನು ನೆನೆದರೆ ಇವತ್ತಿಗೂ ಮೂಲೆಯಲ್ಲಿ ಬೋರಲಾಗಿ ಮಲಗಿಬಿಡೋಣ ಎನ್ನಿಸುತ್ತದೆ.

ನಾನು ಹುಟ್ಟಿದ್ದು ನಾಗಮಂಗಲದ ಒಂದು ಎರಕದ ಮನೆಯಲ್ಲಿ. ತಾಮ್ರವನ್ನೂ ಸತುವನ್ನೂ ಒಟ್ಟಿಗೆ ಕರಗಿಸಿ, ಅಚ್ಚಿಗೆ ಹೊಯ್ದು, ಉಜ್ಜಿ ನುಣುಪು ಮಾಡಿದರು. ದುಂಡು ಹೊಟ್ಟೆ, ಸಣ್ಣ ಕುತ್ತಿಗೆ, ಕುತ್ತಿಗೆಯ ಸುತ್ತ ಮೂರು ಗೆರೆ. ಆ ಗೆರೆಗಳ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಮಂಡ್ಯದ ವನಜಾಕ್ಷಿಯ ಮದುವೆಗೆ ಯಾರೋ ನನ್ನನ್ನು ಉಡುಗೊರೆ ಕೊಟ್ಟರು. ಅಂದಿನಿಂದ ನಾನು ಅವಳ ಅಡುಗೆಮನೆಯ ಸ್ವತ್ತು.

ಅಲ್ಲಿ ನನಗೆ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ಕುಡಿಯುವ ನೀರು ತುಂಬಿಕೊಂಡು ಕಿಟಕಿಯ ಪಕ್ಕ ಕೂರುತ್ತಿದ್ದೆ. ಬೆಳಿಗ್ಗೆ ವನಜಾಕ್ಷಿ ಒಂದು ಚೂರು ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು, ತೆಂಗಿನ ನಾರು ಹಿಡಿದು ನನ್ನನ್ನು ಉಜ್ಜುತ್ತಿದ್ದಳು. ಅವಳ ಕಣ್ಣು ಒಲೆಯ ಮೇಲಿನ ಹಾಲಿನ ಕಡೆ ಇರುತ್ತಿತ್ತು, ಬಾಯಿ ಮಗಳನ್ನು ಎಬ್ಬಿಸುತ್ತಿತ್ತು, ಕೈ ಮಾತ್ರ ತನ್ನ ಪಾಡಿಗೆ ತಾನು ನನ್ನ ಹೊಟ್ಟೆಯ ಮೇಲೆ ಸುತ್ತುತ್ತಿತ್ತು. ನಾನು ಫಳಫಳ ಅನ್ನುತ್ತಿದ್ದೆ. ಹಿತ್ತಾಳೆಗೆ ಅದಕ್ಕಿಂತ ದೊಡ್ಡ ಆಸೆ ಏನಿರುತ್ತದೆ?

ಮಗಳ ಹೆಸರು ಭಾರ್ಗವಿ. ಓದಿ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದಳು. ಹಾಸನದ ಕಡೆಯಿಂದ ಒಳ್ಳೆಯ ಸಂಬಂಧ ಬಂತು. ಹುಡುಗನ ತಾಯಿ ಸರ್ವಮಂಗಳಮ್ಮ, ತೂಕದ ಹೆಂಗಸು. ಮಾತು ಕಡಿಮೆ, ಸೀರೆಯ ನೆರಿಗೆ ಕೂಡ ಅಲುಗದ ಹಾಗೆ ಕೂರುವವರು. ನಿಶ್ಚಿತಾರ್ಥದ ದಿನ ಕಾಫಿ ಕುಡಿಯುತ್ತ, ತಮ್ಮ ನಾದಿನಿ ಪಕ್ಕದಲ್ಲಿರುವಾಗಲೇ ಕೇಳಿದರು.

"ಧಾರೆಗೆ ತಂಬಿಗೆ ಹೆಣ್ಣಿನ ಕಡೆಯೋರದ್ದೇ ಅಲ್ವಾ? ನಿಮ್ಮಲ್ಲಿ ಬೆಳ್ಳೀದು ಇರುತ್ತಲ್ಲ?"

"ಅಯ್ಯೋ, ಇದೆ ಇದೆ. ನನ್ನ ಮದುವೇದೇ ಇದೆ," ಎಂದಳು ವನಜಾಕ್ಷಿ.

ಇದ್ದದ್ದು ನಾನು. ಅಡುಗೆಮನೆಯ ಕಿಟಕಿಯಲ್ಲಿ ಕೂತು ಆ ಮಾತು ಕೇಳಿಸಿಕೊಂಡೆ. ಆಗಲೇ ನನ್ನೊಳಗಿನ ನೀರು ಬಿಸಿಯಾದ ಹಾಗಾಯಿತು. ಬೇಡಿಕೆಯಲ್ಲ, ಒತ್ತಾಯವಲ್ಲ, ಬರೀ ಒಂದು ಪ್ರಶ್ನೆ. ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಣ್ಣು ಹೆತ್ತವಳ ಬಾಯಿಗೆ ಆ ಹೊತ್ತಿನಲ್ಲಿ ಇಲ್ಲ ಎನ್ನುವ ಮಾತು ಬರಲಿಲ್ಲ.

ಮುಂದಿನ ವಾರ ನನ್ನನ್ನು ಬಟ್ಟೆಯ ಚೀಲಕ್ಕೆ ಹಾಕಿ ಪೇಟೆ ಬೀದಿಯ ಗಿಲೀಟು ಅಂಗಡಿಗೆ ಒಯ್ದಳು. ಅಂಗಡಿಯವರು ರಂಗಧಾಮ ಅಂತ. ಬಿ.ಎಸ್ಸಿ. ಮುಗಿಸಿ ಅಪ್ಪನ ಅಂಗಡಿಗೇ ಬಂದು ಕೂತವರು. ಓದಿದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು, ಕೇಳುವವರು ಮಾತ್ರ ಸಿಗುತ್ತಿರಲಿಲ್ಲ. ನನ್ನನ್ನು ತೊಳೆದು, ಒಂದು ಕಪ್ಪು ತಂತಿ ಕಟ್ಟಿ, ತೊಟ್ಟಿಯ ನೀರಿನಲ್ಲಿ ಮುಳುಗಿಸಿದರು. ಎದುರಿಗೆ ಕೆಂಪು ತಂತಿ ಕಟ್ಟಿದ ಒಂದು ಬೆಳ್ಳಿ ತಗಡು ನೇತಾಡುತ್ತಿತ್ತು.

"ದೂರ ನಿಂತ್ಕೊಳ್ಳಿ ತಾಯಿ, ಆ ನೀರು ವಿಷ," ಎಂದರು.

"ಅಲ್ಲ ಸ್ವಾಮಿ, ಆ ತಗಡು ಅಲ್ಲಿದೆ, ತಂಬಿಗೆ ಇಲ್ಲಿದೆ. ಬೆಳ್ಳಿ ಅಲ್ಲಿಂದ ಇಲ್ಲಿಗೆ ಹೆಂಗೆ ಬರುತ್ತೆ?"

ರಂಗಧಾಮರ ಮುಖ ಅರಳಿತು. "ನೋಡಿ, ಬೆಳ್ಳೀನ ಒಡೀತಾ ಒಡೀತಾ ಹೋದ್ರೆ ಕೊನೆಗೆ ಒಂದು ಪರಮಾಣು ಉಳಿಯುತ್ತೆ. ಅದರ ನಡುಮಧ್ಯೆ ನಲವತ್ತೇಳು ಪ್ರೋಟಾನು, ಎಲ್ಲಾ ಪ್ಲಸ್ಸು. ಸುತ್ತ ನಲವತ್ತೇಳು ಎಲೆಕ್ಟ್ರಾನು, ಎಲ್ಲಾ ಮೈನಸ್ಸು. ತಕ್ಕಡಿ ಸಮ, ಆ ಕಡೆನೂ ಇಲ್ಲ ಈ ಕಡೆನೂ ಇಲ್ಲ. ಕರೆಂಟ್ ಕೊಟ್ಟಾಗ ಒಂದು ಎಲೆಕ್ಟ್ರಾನ್ ಕಿತ್ಕೊಂಡು ತಂತಿ ಹಿಡಿದು ಹೋಗುತ್ತೆ. ಈಗ ಸುತ್ತ ನಲವತ್ತಾರು, ಒಳಗೆ ನಲವತ್ತೇಳು. ಒಂದು ಪ್ಲಸ್ ಹೆಚ್ಚಾಯ್ತು. ಇದಕ್ಕೇ ಅಯಾನು ಅನ್ನೋದು. ಅಯಾನು ಆಗಿದ್ದೇ ನೀರಿಗೆ ಇಳಿಯುತ್ತೆ."

ವನಜಾಕ್ಷಿ ಬೆರಳು ಮಡಚಿ ಲೆಕ್ಕ ಹಾಕಿದಳು. "ಕಳ್ಕೊಂಡಿದ್ದಕ್ಕೆ ಪ್ಲಸ್ಸಾ?"

"ಕಳ್ಕೊಂಡಿದ್ದೇ ಮೈನಸ್ಸನ್ನಲ್ವಾ ತಾಯಿ! ಆ ಪ್ಲಸ್ಸು ಈ ಕಡೆ ಬರುತ್ತೆ, ಯಾಕಂದ್ರೆ ನಿಮ್ಮ ತಂಬಿಗೇನ ನಾನು ಮೈನಸ್ಸಿಗೆ ಕಟ್ಟಿದೀನಿ. ತಂಬಿಗೆ ಒಂದು ಎಲೆಕ್ಟ್ರಾನ್ ಕೊಡುತ್ತೆ, ಅದನ್ನ ಹಿಡಿದು ಅದು ಮತ್ತೆ ಬೆಳ್ಳಿಯಾಗಿ ಅಂಟ್ಕೊಳ್ಳುತ್ತೆ. ನೀರೊಳಗೆ ಇನ್ನೂ ಒಂದಷ್ಟು ರಗಳೆ ಇದೆ, ಆದ್ರೆ ಲೆಕ್ಕ ಇಷ್ಟೇ."

ಲೆಕ್ಕ ಸರಿಯಾಗಿತ್ತು. ಒಂದೊಂದೇ ಅಯಾನು ನನ್ನ ಹತ್ತಿರ ಬಂದು, ತನಗೆ ಬೇಕಾದ ಒಂದನ್ನು ಪಡೆದು, ನನ್ನ ಮೈಗೆ ಅಂಟಿಕೊಂಡು ಕುಳಿತಿತು. ಅವು ನಿಜವಾದ ಬೆಳ್ಳಿಯೇ. ಅವುಗಳಲ್ಲಿ ಮೋಸವಿರಲಿಲ್ಲ. ಮೋಸವೆಲ್ಲ ಕೆಳಗಿದ್ದ ನನ್ನದು. ತೊಟ್ಟಿಯಿಂದ ಹೊರಗೆ ಬಂದಾಗ ನಾನು ಬೆಳ್ಳಗಿದ್ದೆ. ವನಜಾಕ್ಷಿ ನನ್ನನ್ನು ನೋಡಿ ಸಂತೋಷಪಡುವ ಬದಲು ಸೆರಗಿನಲ್ಲಿ ಮುಚ್ಚಿಕೊಂಡಳು.

"ತೆಳು ಪದರ ತಾಯಿ, ಜೋಪಾನ," ಎಂದರು ರಂಗಧಾಮ. "ಹುಣಸೆಹಣ್ಣು, ನಾರು ಮಾತ್ರ ಸೋಕಿಸಬೇಡಿ. ವಿಭೂತಿ ಹಚ್ಚಿ ಮೆತ್ತನೆ ಬಟ್ಟೇಲಿ ಒರೆಸಬೇಕು, ಅಷ್ಟೇ."

ಮದುವೆಯ ದಿನ ಧಾರೆಯ ನೀರು ನನ್ನ ಬಾಯಿಂದಲೇ ಇಳಿಯಿತು. ವಾದ್ಯದವರು ಜೋರಾಗಿ ಊದಿದರು, ಅಕ್ಷತೆ ಬಿತ್ತು. ಮಗಳನ್ನು ಕೊಡುವ ನೀರು ಅದು. ಅದನ್ನಾದರೂ ನನ್ನ ನಿಜವಾದ ಮೈಯಿಂದ ಸುರಿಸಬಾರದಿತ್ತೇ ಎಂದು ನಾನು ಒಳಗೊಳಗೇ ಕುಗ್ಗಿದೆ. ಆಮೇಲೆ ಸರ್ವಮಂಗಳಮ್ಮ ನನ್ನನ್ನು ಕೈಗೆ ತೆಗೆದುಕೊಂಡರು. ಒಂದು ಕ್ಷಣ ಅಂಗೈಯಲ್ಲಿ ತೂಗಿದ ಹಾಗೆ ಹಿಡಿದರು. ವನಜಾಕ್ಷಿ ಅರಿಶಿನದ ಬಟ್ಟಲು ಹಿಡಿದು ಬೇರೆ ಕಡೆ ತಿರುಗಿಬಿಟ್ಟಳು.

"ಲಕ್ಷಣವಾಗಿದೆ," ಎಂದರು ಸರ್ವಮಂಗಳಮ್ಮ. "ಕುತ್ತಿಗೆ ಕೆಲಸ ಚೆನ್ನಾಗಿದೆ."

ಭಾರ್ಗವಿಯ ಜೊತೆ ನಾನೂ ಹಾಸನಕ್ಕೆ ಹೋದೆ. ಅವಳಿಗೆ ನನ್ನ ವಿಷಯ ಗೊತ್ತಿರಲಿಲ್ಲ. ಮದುವೆಗೆಂದು ಅಮ್ಮ ಎಲ್ಲಿಂದಲೋ ಬೆಳ್ಳಿ ತಂಬಿಗೆ ಹೊರಗೆ ತೆಗೆದಳು, ಅಡುಗೆಮನೆಯ ಹಳೆಯದು ಅಟ್ಟ ಸೇರಿತು, ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಬಣ್ಣ ಬದಲಾದ ಮಾತ್ರಕ್ಕೆ ನನ್ನನ್ನು ಹುಟ್ಟಿದಾಗಿನಿಂದ ನೋಡಿದ ಹುಡುಗಿಗೂ ಗುರುತು ಸಿಗಲಿಲ್ಲ ಎಂದರೆ ನನ್ನ ವೇಷ ಎಷ್ಟು ಪಕ್ಕಾ ಇತ್ತು ನೋಡಿ. ಅದಕ್ಕೂ ನನಗೆ ನಾಚಿಕೆಯೇ.

ಹಾಸನದ ಮನೆಯ ದೇವರ ಕೋಣೆಯಲ್ಲಿ ನನಗೆ ಜಾಗ ಕೊಟ್ಟರು. ನನ್ನ ಪಕ್ಕದಲ್ಲೇ ಒಂದು ದೊಡ್ಡ ಆರತಿ ತಟ್ಟೆ ಇತ್ತು. ಅಂಚಿಗೆಲ್ಲ ಬಳ್ಳಿ ಕೆತ್ತನೆ. ಸರ್ವಮಂಗಳಮ್ಮನವರ ತವರಿನ ತಟ್ಟೆ ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಅದರ ಪಕ್ಕ ಕೂರಲು ನನಗೆ ಮೈಯೆಲ್ಲ ಮುಳ್ಳು. ದೀಪ ಹಚ್ಚಿದಾಗ ನನ್ನ ನೆರಳು ಅದರ ಮೇಲೆ ಬಿದ್ದರೂ ಸರಿದು ಕೂರೋಣ ಎನ್ನಿಸುತ್ತಿತ್ತು. ಆ ತಟ್ಟೆಯಾದರೋ ಬಾಯಿ ಬಿಡುತ್ತಿರಲಿಲ್ಲ. ದೊಡ್ಡವರ ಗತ್ತು ಎಂದುಕೊಂಡೆ.

ದೇವರ ಕೋಣೆಯ ಪಾತ್ರೆಗಳನ್ನು ಸರ್ವಮಂಗಳಮ್ಮ ಯಾರ ಕೈಗೂ ಕೊಡುತ್ತಿರಲಿಲ್ಲ. ಕೆಲಸದವಳು ಹೊಸಿಲು ದಾಟುವಂತಿರಲಿಲ್ಲ. ಸೊಸೆ ಕೈ ಚಾಚಿದರೂ "ಇರಲಿ ಬಿಡಮ್ಮ" ಎನ್ನುತ್ತಿದ್ದರು. ಶುಕ್ರವಾರ ಬಂತೆಂದರೆ ತಾವೇ ನೆಲದ ಮೇಲೆ ಕೂತು, ಹಳೆಯ ಪಂಚೆಯ ತುಂಡಿಗೆ ವಿಭೂತಿ ಹಚ್ಚಿ, ತಟ್ಟೆಯನ್ನೂ ನನ್ನನ್ನೂ ಒರೆಸುತ್ತಿದ್ದರು. ಮಗುವಿನ ಕೆನ್ನೆ ಒರೆಸಿದ ಹಾಗಿರುತ್ತಿತ್ತು. ನಾನು ಮಾತ್ರ ಪ್ರತಿ ಶುಕ್ರವಾರವೂ ಹೆದರಿ ಸಾಯುತ್ತಿದ್ದೆ. ಇವರಿಗೆ ತಮ್ಮ ಬೆಳ್ಳಿಯ ಮೇಲೆ ಎಷ್ಟು ಅಭಿಮಾನ, ಅದರ ನಡುವೆ ನನ್ನಂಥವನೊಬ್ಬ ಬಂದು ಕೂತಿದ್ದೇನಲ್ಲ ಎಂದು.

ಭಾರ್ಗವಿ ಸಂಜೆ ಹಜಾರದಲ್ಲಿ ಓಣಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ದೇವರ ಕೋಣೆಯ ಬಾಗಿಲು ಹಜಾರಕ್ಕೇ ತೆರೆದುಕೊಳ್ಳುತ್ತಿದ್ದರಿಂದ ನನಗೂ ಪಾಠವಾಗುತ್ತಿತ್ತು. ಒಂದು ದಿನ ಅಯಾನುಗಳ ಪಾಠ ಬಂತು. ನಾನು ಕಿವಿ ನಿಮಿರಿಸಿದೆ.

"ಸೋಡಿಯಂ ಹತ್ರ ಹನ್ನೊಂದು ಎಲೆಕ್ಟ್ರಾನ್. ಒಳಗಿನ ಎರಡು ಸುತ್ತು ತುಂಬಿ, ಹೊರಗಿನ ಸುತ್ತಲ್ಲಿ ಒಂದೇ ಒಂಟಿ. ಅದನ್ನ ಬಿಟ್ಟುಬಿಡುತ್ತೆ. ಕ್ಲೋರಿನ್ ಹೊರಸುತ್ತಲ್ಲಿ ಏಳಿದೆ, ಎಂಟಾಗೋಕೆ ಒಂದು ಬೇಕು. ಅದು ತಗೊಳ್ಳುತ್ತೆ. ಈಗ ಯಾರಿಗೆ ಎಷ್ಟು ಚಾರ್ಜ್?"

"ಸೋಡಿಯಂ ಮೈನಸ್ ಒಂದು ಮಿಸ್, ಕಳ್ಕೊಂಡಿದೆಯಲ್ಲ," ಎಂದಳು ಒಬ್ಬ ಹುಡುಗಿ. ವನಜಾಕ್ಷಿಯೇ ಮಾತಾಡಿದ ಹಾಗಿತ್ತು.

"ಊಹೆ ಮಾಡಬೇಡಿ, ಕಳೀರಿ. ಪ್ರೋಟಾನ್ ಎಷ್ಟು, ಅದರಲ್ಲಿ ಎಲೆಕ್ಟ್ರಾನ್ ಕಳೆದ್ರೆ ಎಷ್ಟು? ಹನ್ನೊಂದರಲ್ಲಿ ಹತ್ತು ಹೋದ್ರೆ ಪ್ಲಸ್ ಒಂದು. ಕ್ಲೋರಿನ್ ಹದಿನೇಳು ಪ್ರೋಟಾನು, ಈಗ ಹದಿನೆಂಟು ಎಲೆಕ್ಟ್ರಾನು. ಮೈನಸ್ ಒಂದು. ತಾಮ್ರ ಇಪ್ಪತ್ತೊಂಬತ್ತು, ಸಾಮಾನ್ಯವಾಗಿ ಎರಡು ಬಿಡುತ್ತೆ, ಇಪ್ಪತ್ತೇಳು ಉಳೀತು, ಪ್ಲಸ್ ಎರಡು. ಹಿತ್ತಾಳೆ ಪಾತ್ರೆ ಕಪ್ಪಾಗಲ್ವಾ, ಅದು ತಾಮ್ರ ಗಾಳಿಗೆ ಎಲೆಕ್ಟ್ರಾನ್ ಕೊಟ್ಟು ಮಾಡ್ಕೊಂಡಿದ್ದು."

ಆಮೇಲೆ ಅವಳು ಹೇಳಿದ ಮಾತು ನನ್ನ ಎದೆಗೇ ಬಿತ್ತು. "ಒಂದು ನೆನಪಿಡಿ. ಎಲೆಕ್ಟ್ರಾನ್ ಬರುತ್ತೆ, ಹೋಗುತ್ತೆ. ಪ್ರೋಟಾನ್ ಎಲ್ಲಿಗೂ ಹೋಗಲ್ಲ. ಸೋಡಿಯಂ ಪ್ಲಸ್ ಆದ್ರೂ ಸೋಡಿಯಮ್ಮೇ. ಯಾರು ಅನ್ನೋದು ಪ್ರೋಟಾನ್ ಲೆಕ್ಕ, ಚಾರ್ಜ್ ಎಷ್ಟು ಅನ್ನೋದು ಎರಡರ ವ್ಯತ್ಯಾಸದ ಲೆಕ್ಕ."

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಎದ್ದು ಬಂದು ನನ್ನನ್ನೇ ಎತ್ತಿಕೊಂಡು ಹೋದಳು. ಮಕ್ಕಳ ಮುಂದೆ ಎತ್ತಿ ಹಿಡಿದು, "ಇಲ್ಲಿ ನೋಡಿ, ಶುದ್ಧ ಬೆಳ್ಳಿ. ನಮ್ಮಮ್ಮನ ಮದುವೇದು. ಇದರ ತುಂಬಾ ನಲವತ್ತೇಳು ಪ್ರೋಟಾನಿನ ಪರಮಾಣುಗಳೇ," ಎಂದಳು. ಮಕ್ಕಳೆಲ್ಲ ಕತ್ತು ಚಾಚಿ ನೋಡಿದರು. ನನ್ನೊಳಗಿನ ಇಪ್ಪತ್ತೊಂಬತ್ತರ ತಾಮ್ರವೂ ಮೂವತ್ತರ ಸತುವೂ ಅಲ್ಲೇ ಇದ್ದವು, ಎಲ್ಲಿಗೂ ಹೋಗಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಷ್ಟು ನಂಬಿಕೆಯಿಂದ, ಅಷ್ಟು ಮಕ್ಕಳ ಎದುರು, ಪಾಠ ಹೇಳುವವಳ ಬಾಯಲ್ಲಿ ನನ್ನಿಂದ ಸುಳ್ಳು ಬಂತು.

ಅಷ್ಟರಲ್ಲಿ ಒಳಗಿನಿಂದ ಸರ್ವಮಂಗಳಮ್ಮ ಬಂದರು. "ದೇವರ ಪಾತ್ರೆ ಕಣಮ್ಮ, ಮಕ್ಕಳ ಕೈಗೆ ಬೇಡ," ಎಂದು ನನ್ನನ್ನು ಇಸಿದುಕೊಂಡು, ಸೆರಗಿನಿಂದ ಒರೆಸಿ ಜಾಗಕ್ಕೆ ಇಟ್ಟರು. ಮಡಿಯ ಹೆಂಗಸು, ಅದಕ್ಕೆ ಹೀಗೆ ಎಂದುಕೊಂಡೆ.

ಭಾರ್ಗವಿ ಬಸುರಿಯಾದಳು. ಸೀಮಂತಕ್ಕೆ ಮಂಡ್ಯದಿಂದ ವನಜಾಕ್ಷಿ ಬಂದಳು. ಬಂದವಳು ದೇವರಿಗೆ ಕೈಮುಗಿಯುವಾಗ ನನ್ನ ಕಡೆ ನೋಡಲೇ ಇಲ್ಲ. ನಾನೂ ಅವಳ ಕಡೆ ನೋಡಲಿಲ್ಲ. ಕದ್ದ ಮಾಲು ಹಂಚಿಕೊಂಡವರು ಸಂತೆಯಲ್ಲಿ ಎದುರಾದ ಹಾಗಾಗಿತ್ತು ನಮ್ಮ ಪಾಡು.

ಸೀಮಂತದ ಹಿಂದಿನ ದಿನ ಮನೆ ತುಂಬ ಗಡಿಬಿಡಿ. ಸರ್ವಮಂಗಳಮ್ಮ ಬಳೆಗಾರನ ಜೊತೆ ಮಾತಾಡುತ್ತ ಜಗುಲಿಯಲ್ಲಿದ್ದರು. ಬೀಗರ ಮನೆಯಲ್ಲಿ ಸುಮ್ಮನೆ ಕೂರಲು ವನಜಾಕ್ಷಿಗೆ ಸಂಕೋಚ. ಹಿತ್ತಾಳೆ ಸಾಮಾನನ್ನಾದರೂ ಬೆಳಗಿಕೊಡೋಣ ಎಂದು ದೇವರ ಕೋಣೆಗೆ ಬಂದಳು. ಬೆಳ್ಳಿ ಸಾಮಾನಿನ ತಂಟೆಗೆ ಹೋಗಬಾರದು ಎನ್ನುವುದು ಅವಳಿಗೆ ಗೊತ್ತಿತ್ತು. ಎರಡು ದೀಪದ ಕಂಬ ತೆಗೆದುಕೊಂಡಳು, ಗಂಟೆ ತೆಗೆದುಕೊಂಡಳು. ಹೋಗುತ್ತ ಹೋಗುತ್ತ ನನ್ನನ್ನೂ ಕುತ್ತಿಗೆ ಹಿಡಿದು ಎತ್ತಿಕೊಂಡಳು.

ಬೇಕೆಂದು ಮಾಡಿದ್ದಲ್ಲ. ಅವಳ ಕೈಗೆ ನಾನು ಎಂದಿಗೂ ಹಿತ್ತಾಳೆ ತಂಬಿಗೆಯೇ. ಕಣ್ಣಿಗೆ ಗಿಲೀಟು ಕಂಡಿತ್ತು, ಕೈಗೆ ಯಾರೂ ತಿಳಿಸಿರಲಿಲ್ಲ.

ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಮ್ಮನ್ನು ಇಟ್ಟುಕೊಂಡು ಹುಣಸೆಹಣ್ಣು ಕಿವುಚಿದಳು. ಕಣ್ಣು ಮಗಳ ಕೋಣೆಯ ಕಿಟಕಿಯ ಕಡೆ ಇತ್ತು, ಬಾಯಿ ಪಕ್ಕದ ಮನೆಯಾಕೆಯ ಜೊತೆ ಚಕ್ಕುಲಿಯ ಹದ ಮಾತಾಡುತ್ತಿತ್ತು. ಕೈ ತನ್ನ ಪಾಡಿಗೆ ತಾನು ನನ್ನ ಹೊಟ್ಟೆಯ ಮೇಲೆ ಸುತ್ತತೊಡಗಿತು. ಹುಳಿ, ಉಪ್ಪು, ನಾರು. ಎಷ್ಟು ದಿನವಾಗಿತ್ತು ಆ ಉಜ್ಜು ಬಿದ್ದು! ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹಾಯೆನ್ನಿಸಿತು. ಹೊಟ್ಟೆಯ ಮೇಲಿನ ಬೆಳ್ಳಿ ಮಾಸಿತು, ತೆಳುವಾಯಿತು, ಹೋಯಿತು. ಪಕ್ಕದ ಮನೆಯಾಕೆ ಒಳಗೆ ಹೋದ ಮೇಲೆ ವನಜಾಕ್ಷಿ ನೀರು ಹೊಯ್ದು ನೋಡಿದಳು. ನಾನು ಹಳದಿ ಹಳದಿಯಾಗಿ ನಗುತ್ತಿದ್ದೆ.

ನಾಳೆ ಬೆಳಗಾದರೆ ನಂಟರೆಲ್ಲ ಬರುವವರು. ಕಳಸಕ್ಕೆ ಇಡುವುದು ನನ್ನನ್ನೇ. ಮಗಳು ಈ ಮನೆಯಲ್ಲಿ ಬದುಕಬೇಕು, ಹೆರಬೇಕು. ಸುಳ್ಳು ಹೇಳಿ ಧಾರೆ ಎರೆದವರ ಮಗಳು ಎಂದು ಒಂದು ಮಾತು ಬಂದರೆ ಅದು ಸಾಯುವವರೆಗೂ ಹೋಗುವುದಿಲ್ಲ. ಅವಳು ನನ್ನನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು, ಮತ್ತೆ ತೆಗೆದಳು, ಅಳಿದುಳಿದ ಬಿಳಿಯ ಭಾಗ ಮೇಲೆ ಬರುವ ಹಾಗೆ ತಿರುಗಿಸಿ ನೋಡಿದಳು.

"ಅಮ್ಮಾ, ಏನು ಮಾಡ್ತಿದೀಯ?" ಭಾರ್ಗವಿ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ನಿಧಾನವಾಗಿ ಇಳಿದು ಬಂದು ನನ್ನನ್ನು ಕೈಗೆ ತೆಗೆದುಕೊಂಡಳು. ಕುತ್ತಿಗೆಯ ಮೂರು ಗೆರೆಯ ಮೇಲೆ ಬೆರಳು ಆಡಿಸಿದಳು. ಈಗ ಗುರುತು ಸಿಕ್ಕಿತು. "ಇದು ನಮ್ಮ ಅಡುಗೆಮನೆ ತಂಬಿಗೆ! ಹಿತ್ತಾಳೇದು!"

ವನಜಾಕ್ಷಿ ತಲೆ ಎತ್ತಲಿಲ್ಲ.

"ನಾನು ಮಕ್ಕಳಿಗೆಲ್ಲಾ ಶುದ್ಧ ಬೆಳ್ಳಿ ಅಂದೆನಲ್ಲಮ್ಮ. ಅತ್ತೆಗೆ ಏನಂತ ಹೇಳಲಿ?"

"ಏನೂ ಹೇಳೋದು ಬೇಡ," ಎಂದಿತು ಹಿಂದಿನಿಂದ ಒಂದು ಧ್ವನಿ. ಸರ್ವಮಂಗಳಮ್ಮ. ಅವರು ನಮ್ಮನ್ನು ನೋಡಿದರು, ಹುಣಸೆಹಣ್ಣನ್ನು ನೋಡಿದರು, ಒಳಗೆ ಹೋದರು. ನನ್ನ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಅವರು ವಾಪಸು ಬಂದರು. ಕೈಯಲ್ಲಿ ಆ ದೊಡ್ಡ ಆರತಿ ತಟ್ಟೆ ಇತ್ತು. ಕಲ್ಲಿನ ಮೇಲೆ ಅದನ್ನು ಬೋರಲು ಹಾಕಿದರು. ತಳದ ಅಂಚಿನಲ್ಲಿ ಗಿಲೀಟು ಸವೆದು ಹೋಗಿ ಒಂದು ಹಳದಿ ಸುತ್ತು ಕಾಣುತ್ತಿತ್ತು.

"ಇದೂ ಹಿತ್ತಾಳೇನೇ ಕಣಮ್ಮ ಭಾರ್ಗವಿ. ನಿಮ್ಮ ಮಾವನೋರ ಕಾಯಿಲೇಲಿ ತವರಿನ ಬೆಳ್ಳಿ ತಟ್ಟೆ ಮಾರಬೇಕಾಯ್ತು. ನಾದಿನೀರ ಬಾಯಿಗೆ ಹೆದರಿ ಅದೇ ಅಳತೇದು ಮಾಡಿಸಿ ಗಿಲೀಟು ಹಾಕಿಸಿದೆ. ನಿನ್ನ ಗಂಡನಿಗೂ ಗೊತ್ತಿಲ್ಲ." ಆಮೇಲೆ ವನಜಾಕ್ಷಿಯ ಕಡೆ ತಿರುಗಿದರು. "ಧಾರೆ ದಿನ ಕೈಗೆ ತಗೊಂಡಾಗಲೇ ತೂಕದಲ್ಲಿ ತಿಳೀತು ಬೀಗಿತ್ತೀ. ಬೆಳ್ಳಿ ಭಾರ ಬೇರೆ. ಆವತ್ತು ಎಲ್ಲರೆದುರು ನಿಮ್ಮನ್ನ ಕೇಳಿದ್ದೇ ನನ್ನ ತಪ್ಪು. ನಾದಿನಿ ಪಕ್ಕದಲ್ಲಿದ್ರು, ದೊಡ್ಡಸ್ತಿಕೆ ತೋರಿಸೋಕೆ ಹೋದೆ. ಅದಕ್ಕೇ ಇಷ್ಟು ದಿನ ನಿಮ್ಮ ತಂಬಿಗೇನ ವಿಭೂತೀಲಿ ಕಾಪಾಡ್ಕೊಂಡು ಬಂದೆ. ನೀವೇ ಬಂದು ಉಜ್ಜಿ ಹಾಕಿದ್ರಲ್ಲ!"

ಅವರ ಧ್ವನಿ ಕೊನೆಗೆ ಒಡೆಯಿತು. ನಗುವೋ ಅಳುವೋ ತಿಳಿಯಲಿಲ್ಲ. ಸೊಸೆಯ ಮುಂದೆ ಅತ್ತೆಯಾದವಳು ಕಳೆದುಕೊಳ್ಳಬಾರದ್ದನ್ನು ಅವರು ಕಳೆದುಕೊಂಡರು, ಬೀಗಿತ್ತಿಯ ತಲೆ ಮೇಲೇಳಲಿ ಎಂದು. ವನಜಾಕ್ಷಿ ಎದ್ದು ಒದ್ದೆ ಕೈಯಲ್ಲೇ ಅವರ ಎರಡೂ ಕೈ ಹಿಡಿದುಕೊಂಡಳು. ಇಬ್ಬರೂ ಕಲ್ಲಿನ ಪಕ್ಕ ಕೂತು, ಉಳಿದ ಹುಣಸೆಹಣ್ಣಿನಲ್ಲಿ ತಟ್ಟೆಯನ್ನೂ ನನ್ನನ್ನೂ ಸೇರಿಸಿ ಉಜ್ಜಿದರು. ಮರುದಿನ ಕಳಸಕ್ಕೆ ಹಿತ್ತಾಳೆಯ ನಾನೇ ಕೂತೆ, ಆರತಿಗೆ ಹಿತ್ತಾಳೆಯ ತಟ್ಟೆಯೇ ಬಂತು. ನಾದಿನಿ ಹುಬ್ಬು ಹಾರಿಸಿದರು. ಸರ್ವಮಂಗಳಮ್ಮ ನೆರಿಗೆ ಅಲುಗದ ಹಾಗೆ ಕೂತಿದ್ದರು.

ಮುಂದಿನ ಪಾಠದ ದಿನ ಭಾರ್ಗವಿ ನನ್ನನ್ನು ಮತ್ತೆ ಹಜಾರಕ್ಕೆ ಒಯ್ದಳು. "ಅಯಾನಿನ ಪಾಠದ ದಿನ ನಾನು ತಪ್ಪು ಹೇಳಿದ್ದೆ ಮಕ್ಕಳೇ, ಇದು ಹಿತ್ತಾಳೆ," ಎಂದಳು. ಮಕ್ಕಳು ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ನಾಚಿಕೆ ಮಾತ್ರ ನನ್ನನ್ನು ಬಿಡಲಿಲ್ಲ. ಬಣ್ಣ ಕಳೆದರೆ ಅದೂ ಕಳೆಯುತ್ತದೆ ಎಂದುಕೊಂಡಿದ್ದೆ. ಈಗ ಅದು ಬೇರೆ ಕಾರಣಕ್ಕೆ ಬಂತು. ಆ ತಟ್ಟೆಯ ಮೌನವನ್ನು ಗತ್ತು ಎಂದು ತಿಳಿದೆನಲ್ಲ, ಅದೂ ನನ್ನ ಪಕ್ಕದಲ್ಲಿ ಕೂತು ನನ್ನಷ್ಟೇ ಬೆವರುತ್ತಿತ್ತು. ಸರ್ವಮಂಗಳಮ್ಮನ ಮೆತ್ತನೆಯ ಕೈಯನ್ನು ಬೆಳ್ಳಿಯ ಅಭಿಮಾನ ಎಂದುಕೊಂಡೆನಲ್ಲ, ಅವರು ಒರೆಸುತ್ತಿದ್ದದ್ದು ನನ್ನ ಹಿತ್ತಾಳೆಯನ್ನು ಬಲ್ಲ ಕೈಯಿಂದ.

ಈಗ ಬಹಳ ವರ್ಷಗಳಾದವು. ವನಜಾಕ್ಷಿ ಇಲ್ಲ. ನನ್ನ ಹೊಟ್ಟೆಗೆ ಒಂದು ಕಡೆ ತಗ್ಗು ಬಿದ್ದಿದೆ, ಕುತ್ತಿಗೆಯ ಗೆರೆಗಳ ಸಂದಿಯಲ್ಲಿ ಇನ್ನೂ ಒಂದಿಷ್ಟು ಬೆಳ್ಳಿ ಉಳಿದಿದೆ. ದೇವರ ಕೋಣೆಯ ಮೂಲೆಯಲ್ಲಿ ತಟ್ಟೆಗೆ ಆತುಕೊಂಡು ಕೂತಿರುತ್ತೇನೆ. ನಾವಿಬ್ಬರೂ ಈಗ ಒಳ್ಳೆಯ ನೆರೆಹೊರೆ.

ಸರ್ವಮಂಗಳಮ್ಮನಿಗೆ ಮರೆವು. ಊಟ ಮಾಡಿದ್ದು ಮರೆಯುತ್ತಾರೆ, ಮಗನ ಹೆಸರು ತಡೆದು ಹೇಳುತ್ತಾರೆ. ಆದರೆ ಶುಕ್ರವಾರ ಮಾತ್ರ ಅವರಿಗೆ ಹೇಗೋ ತಿಳಿಯುತ್ತದೆ. ನೆಲದ ಮೇಲೆ ಕೂತು, ಪಂಚೆಯ ತುಂಡಿಗೆ ವಿಭೂತಿ ಹಚ್ಚಿ, ನನ್ನನ್ನು ಮಡಿಲಿಗೆ ಎತ್ತಿಕೊಳ್ಳುತ್ತಾರೆ. ವಿಭೂತಿಗೆ ಹಿತ್ತಾಳೆ ಬೆಳಗುವುದಿಲ್ಲ. ನನ್ನ ತಾಮ್ರ ಗಾಳಿಗೆ ಎರಡೆರಡು ಎಲೆಕ್ಟ್ರಾನು ಕೊಡುತ್ತ, ದಿನದಿಂದ ದಿನಕ್ಕೆ ನಾನು ಕಂದುತ್ತಿದ್ದೇನೆ.

ಹೋದ ಶುಕ್ರವಾರ ಭಾರ್ಗವಿ ಒಂದು ಚೂರು ಹುಣಸೆಹಣ್ಣು ಹಿಡಿದು ಬಂದಳು. "ಕೊಡಿ ಅತ್ತೆ, ಕಪ್ಪಾಗಿದೆ, ನಾನು ಉಜ್ಜಿ ತರ್ತೀನಿ."

ಸರ್ವಮಂಗಳಮ್ಮ ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ಧ್ವನಿಯಲ್ಲಿ ಹೇಳಿದರು. "ಹುಣಸೆಹಣ್ಣು ಬೇಡ ಕಣಮ್ಮ. ಗಿಲೀಟು ಹೋಗುತ್ತೆ. ಬೀಗಿತ್ತಿ ಮರ್ಯಾದೆ ಪ್ರಶ್ನೆ. ಯಾರಿಗೂ ಹೇಳಬೇಡ."

ಭಾರ್ಗವಿ ಹುಣಸೆಹಣ್ಣನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಇಲ್ಲ ಅತ್ತೆ, ಹೇಳಲ್ಲ," ಎಂದು ಪಕ್ಕದಲ್ಲಿ ಕೂತಳು. ಸರ್ವಮಂಗಳಮ್ಮ ಒರೆಸುತ್ತಲೇ ಇದ್ದರು.